ತಪಸ್ಸುಕಾಲದಲ್ಲಿ ಮುನಿಸಿಕೊಂಡವರು ಮತ್ತು ಬಾಗಿಲ ಬಳಿ ನಿಂತವರು

ಕಾಫಿತೋಟದ ಪಕ್ಕದವರು:

ಎಲ್ಲರಿಗೂ ವಂದನೆಗಳು. ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಒಂದು ಚಿಕ್ಕ ಧರ್ಮಕೇಂದ್ರ, ಅಂದರೆ ಒಂದು ಚರ್ಚಿಗೆ ಸೇರಿದ ಕ್ರೈಸ್ತ ಸಮುದಾಯ. ಈ ಸಲದ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲದ, ಕಾರ್ಯಕ್ರಮಗಳನ್ನು ರೂಪಿಸುವ ಹೊಣೆಯನ್ನು ಪಾಲನಾ ಸಮಿತಿಯವರು ನನಗೆ ವಹಿಸಿದ್ದಾರೆ. ಆರಂಭದ ದಿನವಾದ ವಿಭೂತಿ ಬುಧವಾರದ ಪೂಜೆ, ಪ್ರತಿ ಶುಕ್ರವಾರ ಶಿಲುಬೆ ಹಾದಿ, ಒಂದು ಧ್ಯಾನಕೂಟ, ಪವಿತ್ರ ವಾರಕ್ಕೆ ಮೊದಲು ಪಾಪನಿವೇದನೆ ಎಂಬ ಹಳೆಯ ಪಟ್ಟಿ ಸಿದ್ಧವಾಗಿಯೇ ಇದೆ. ಅದನ್ನು ನಕಲು ಮಾಡಿಕೊಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ.

ಆದರೆ ಎರಡು ವಿಷಯಗಳು ನನ್ನನ್ನು ಬಿಡದೆ ಕಾಡುತ್ತಿವೆ. ನಮ್ಮಲ್ಲಿ ಅಣ್ಣತಮ್ಮಂದಿರ ಎರಡು ಕುಟುಂಬಗಳು ತೋಟದ ಗಡಿಯ ಜಗಳದಿಂದಾಗಿ ವರ್ಷಗಟ್ಟಲೆ ಮಾತು ಬಿಟ್ಟಿವೆ. ಒಂದು ಮನೆಯವರು ಚರ್ಚಿನ ಎಡಗಡೆ ಕುಳಿತರೆ ಇನ್ನೊಂದು ಮನೆಯವರು ಬಲಗಡೆ ಕುಳಿತುಕೊಳ್ಳುತ್ತಾರೆ, ಪರಮಪ್ರಸಾದಕ್ಕೆ ಮಾತ್ರ ಇಬ್ಬರೂ ಬರುತ್ತಾರೆ. ಇನ್ನೊಂದು, ಜಾರ್ಖಂಡ್ ಮತ್ತು ಒಡಿಶಾದಿಂದ ತೋಟದ ಕೆಲಸಕ್ಕೆಂದು ಬಂದು ಲೈನ್ ಮನೆಗಳಲ್ಲಿ ವಾಸಿಸುವ ಕೆಲವು ಕುಟುಂಬಗಳ ವಿಷಯ. ಅವರಲ್ಲಿ ಹಲವರು ಕ್ರೈಸ್ತರೇ. ಭಾನುವಾರ ಬಂದು ಹಿಂಬಾಗಿಲ ಬಳಿ ನಿಂತು, ಕೊನೆಯ ಆಶೀರ್ವಾದ ಮುಗಿಯುತ್ತಿದ್ದಂತೆ ಹೊರಟುಹೋಗುತ್ತಾರೆ. ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಈ ಎರಡನ್ನೂ ತಪಸ್ಸುಕಾಲದ ಕಾರ್ಯಕ್ರಮದೊಳಗೆ ತರಬೇಕೆಂದು ನಾನು ಹೇಳಿದಾಗ, ಉಪವಾಸ ಮತ್ತು ಪ್ರಾರ್ಥನೆಯ ಕಾಲದಲ್ಲಿ ಸಮಾಜಸೇವೆಯನ್ನೂ ಪಂಚಾಯಿತಿಯನ್ನೂ ಬೆರೆಸಬಾರದೆಂದು ಹಿರಿಯರೊಬ್ಬರು ಅಭಿಪ್ರಾಯಪಟ್ಟರು. ಅವರ ಮಾತಿನಲ್ಲಿ ಹುರುಳಿದೆಯೇ? ತಿಳಿದವರು ಹೇಳಬೇಕು.

ಇತಿಹಾಸದ ವಿದ್ಯಾರ್ಥಿ:

ಹಿರಿಯರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಹೇಳುವುದಾದರೆ, ವಿಷಯ ತದ್ವಿರುದ್ಧವಾಗಿದೆ. ನೀವು ಹೇಳಿದ ಎರಡು ಸಂಗತಿಗಳು ತಪಸ್ಸುಕಾಲಕ್ಕೆ ಹೊರಗಿನಿಂದ ಸೇರಿಸಬೇಕಾದವುಗಳಲ್ಲ. ಈ ಕಾಲ ರೂಪುಗೊಂಡಿರುವುದೇ ಬಹುಮಟ್ಟಿಗೆ ಅವೆರಡರಿಂದ.

ನಲವತ್ತು ದಿನಗಳ ಈ ಅವಧಿಯನ್ನು ಹೆಸರಿಸುವ ಅತ್ಯಂತ ಹಳೆಯ ದಾಖಲೆಗಳಲ್ಲಿ 325ರಲ್ಲಿ ಧರ್ಮಾಧ್ಯಕ್ಷರು (ಬಿಷಪರು) ಸೇರಿದ್ದ ನೈಸಿಯಾ ಮಹಾಸಭೆಯ ಐದನೆಯ ನಿಯಮವೂ ಒಂದು. ಆ ನಿಯಮದ ವಿಷಯ ಉಪವಾಸವಲ್ಲ, ಬಹಿಷ್ಕಾರ. ಒಬ್ಬ ಧರ್ಮಾಧ್ಯಕ್ಷರು ಹೊರಗೆ ಹಾಕಿದವರನ್ನು ಇನ್ನೊಬ್ಬರು ಸೇರಿಸಿಕೊಳ್ಳಬಾರದು ಎಂದು ಹೇಳಿದ ಕೂಡಲೇ ಆ ಸಭೆಯು, ಹಾಗೆ ಹೊರಗೆ ಹಾಕಿದ್ದು ಧರ್ಮಾಧ್ಯಕ್ಷರ ಸಣ್ಣತನದಿಂದಲೋ ಜಗಳಗಂಟಿತನದಿಂದಲೋ ಆಗಿರಬಹುದೇ ಎಂಬುದನ್ನು ವಿಚಾರಿಸಬೇಕೆಂದು ಸೇರಿಸುತ್ತದೆ. ಅದಕ್ಕಾಗಿ ಪ್ರತಿ ಪ್ರಾಂತದಲ್ಲಿ ವರ್ಷಕ್ಕೆ ಎರಡು ಸಲ ಧರ್ಮಾಧ್ಯಕ್ಷರು ಸಭೆ ಸೇರಬೇಕು, ಮತ್ತು ಅದರಲ್ಲಿ ಒಂದು ಸಭೆ ಈ ನಲವತ್ತು ದಿನಗಳಿಗೆ ಮೊದಲು ನಡೆಯಬೇಕು. ಏಕೆಂದರೆ ಎಲ್ಲ ಕಹಿಯನ್ನೂ ಕಳೆದುಕೊಂಡ ಮೇಲೆ ದೇವರಿಗೆ ಶುದ್ಧವಾದ ಕಾಣಿಕೆಯನ್ನು ಅರ್ಪಿಸಬಹುದು. ಅಂದರೆ ಪಂಚಾಯಿತಿ ಬೇಡವೆಂದು ನಿಮ್ಮ ಹಿರಿಯರು ಹೇಳುತ್ತಿರುವಲ್ಲಿ, ತಪಸ್ಸುಕಾಲ ಪ್ರವೇಶಿಸುವ ಮೊದಲೇ ಪಂಚಾಯಿತಿ ಮುಗಿಸಿಕೊಳ್ಳಿರೆಂದು ನೈಸಿಯಾ ಹೇಳಿತ್ತು.

ಎರಡನೆಯದಾಗಿ, ಆ ಶತಮಾನಗಳಲ್ಲಿ ಈ ದಿನಗಳು ಎರಡು ಗುಂಪಿನವರಿಗಾಗಿ ವಿಶೇಷವಾಗಿ ಮೀಸಲಾಗಿದ್ದವು. ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಮುನ್ನಾದಿನದ, ರಾತ್ರಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲು ಸಿದ್ಧರಾಗುತ್ತಿದ್ದ ಹೊಸಬರು ಒಂದು ಗುಂಪು. ಘೋರ ಪಾಪಗಳಿಂದಾಗಿ ಕ್ರೈಸ್ತ ಸಭೆಯ ಒಡನಾಟವನ್ನು ಕಳೆದುಕೊಂಡು ಮತ್ತೆ ಒಳಗೆ ಬರಲು ಪ್ರಾಯಶ್ಚಿತ್ತ ಮಾಡುತ್ತಿದ್ದವರು ಇನ್ನೊಂದು ಗುಂಪು. ರೋಮಿನಲ್ಲಿ ಈ ಪಶ್ಚಾತ್ತಾಪಿಗಳನ್ನು ಈಸ್ಟರ್‌ಗೆ ಮುಂಚಿನ ಗುರುವಾರ ಮತ್ತೆ ಸೇರಿಸಿಕೊಳ್ಳುವ ರೂಢಿಯಿತ್ತೆಂದು ಪೋಪ್ ಒಂದನೆಯ ಇನ್ನೊಸೆಂಟ್ 416ರಲ್ಲಿ ಬರೆದ ಪತ್ರದಿಂದ ತಿಳಿಯುತ್ತದೆ. ಉಳಿದ ಕ್ರೈಸ್ತರು ಈ ಇಬ್ಬರ ಜೊತೆಗೂಡಿ ಉಪವಾಸ ಮಾಡುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿಕೊಳ್ಳುವುದು ಕೂಡ ಮೊದಲು ಬಹಿರಂಗ ಪಾಪಿಗಳ ಗುರುತಾಗಿತ್ತು. ಹನ್ನೊಂದನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಎಲ್ಲರ ಹಣೆಗೂ ಬಂತು. ಹೊರಗಿನವನ ಗುರುತನ್ನು ಒಳಗಿನವರೆಲ್ಲರೂ ಹಚ್ಚಿಕೊಂಡದ್ದು ನನಗೆ ಇಡೀ ಆರಾಧನಾ ವರ್ಷದಲ್ಲೇ ಅತ್ಯಂತ ದಿಟ್ಟ ಸಂಗತಿಯಾಗಿ ತೋರುತ್ತದೆ, ಆದರೆ ನಾವು ಅದನ್ನು ಆ ದೃಷ್ಟಿಯಿಂದ ನೋಡುವುದೇ ಇಲ್ಲ.

ಕಡಲತೀರದ ಅಜ್ಜಿ:

ನಮ್ಮ ಮಂಗಳೂರಿನ ಕಡೆ ಈ ಕಾಲವನ್ನು ಕರೆಜ್ಮಾ ಎನ್ನುತ್ತೇವೆ. ಮಾಂಸ ಬಿಟ್ಟೆವೆಂದು ಹೇಳಿಕೊಂಡು ಮಾರುಕಟ್ಟೆಯಲ್ಲಿ ಅಂಜಲ್ ಮೀನಿನ ಬೆಲೆ ಏರಿಸುವವರು ನಾವೇ, ಅದಿರಲಿ. ಬಲಿಪೀಠದ ಮುಂದೆ ಕಾಣಿಕೆ ಇಡುವಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಆ ವಾಚನ ತಪಸ್ಸುಕಾಲದ ಮೊದಲನೆಯ ವಾರದ ಶುಕ್ರವಾರವೇ ಬರುತ್ತದೆ. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ. ಅವನಿಗೆ ನಿನ್ನ ಮೇಲೆ ಸಿಟ್ಟಿದ್ದರೆ ಎಂದು ಬರೆದಿದೆ. ನನ್ನದು ತಪ್ಪಿಲ್ಲ, ಅವನೇ ಬರಲಿ ಎಂದು ಕುಳಿತವರಿಗೆ ಅಲ್ಲಿ ಜಾಗವಿಲ್ಲ.

ಪೂಜೆಯಲ್ಲಿ ಶಾಂತಿಯ ವಿನಿಮಯಕ್ಕೆ ನಾವು ಕೈಮುಗಿಯುತ್ತೇವೆ. ಅದರಲ್ಲಿ ಒಂದು ಅನುಕೂಲವಿದೆ, ಮಗ: ಯಾರಿಗೆ ಕೈ ಮುಗಿದೆವು, ಯಾರನ್ನು ಬಿಟ್ಟೆವು ಎಂಬುದು ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಕಡಬದ ಸುರಿಯಾನಿ:

ನಮ್ಮ ಮನೆಯವರು ಕೇರಳದ ಸುರಿಯಾನಿ ಕ್ರೈಸ್ತರ ಮಲಂಕರ ಸಂಪ್ರದಾಯಕ್ಕೆ ಸೇರಿದವರು. ನನ್ನ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ಇಲ್ಲಿ ನೆಲೆಸಿದವರು. ಸುರಿಯಾನಿ ಆರ್ಥೊಡಾಕ್ಸ್ ಪರಂಪರೆಯಲ್ಲಿ ದೊಡ್ಡ ನೋಂಬು, ಅಂದರೆ ತಪಸ್ಸುಕಾಲ, ಬುಧವಾರದಿಂದಲ್ಲ, ಸೋಮವಾರದಿಂದ ಆರಂಭವಾಗುತ್ತದೆ. ಆ ಸೋಮವಾರ ಶುಬ್‌ಕೋನೊ ಎಂಬ ಸಂಧಾನದ ಆರಾಧನೆ ನಡೆಯುತ್ತದೆ. ದೀರ್ಘ ಪ್ರಾರ್ಥನೆಗಳು ಮತ್ತು ಸಾಷ್ಟಾಂಗ ನಮಸ್ಕಾರಗಳ ಜೊತೆಗೆ ಜನರು ಪರಸ್ಪರ ಕ್ಷಮೆ ಕೇಳಿಕೊಂಡು ಶಾಂತಿ ಕೊಡುತ್ತಾರೆ. ರಷ್ಯಾ, ಗ್ರೀಸ್ ಮುಂತಾದ ಕಡೆಯ ಆರ್ಥೊಡಾಕ್ಸ್ ಸಭೆಗಳಲ್ಲಿ ಇದೇ ಬಗೆಯ ಕ್ರಮ ಹಿಂದಿನ ಸಂಜೆ, ಕ್ಷಮೆಯ ಭಾನುವಾರದಂದು ನಡೆಯುತ್ತದೆ. ಅಲ್ಲಿ ಗುರುಗಳೇ ಮೊದಲು ಜನರ ಮುಂದೆ ಬಾಗಿ ಕ್ಷಮೆ ಯಾಚಿಸುತ್ತಾರೆ.

ಇಲ್ಲಿ ಕ್ರಮಕ್ಕೆ ಮಹತ್ವವಿದೆ. ರೋಮನ್ ಪದ್ಧತಿಯ ಧರ್ಮಕೇಂದ್ರಗಳಲ್ಲಿ ಪಾಪನಿವೇದನೆಯನ್ನು ಸಾಮಾನ್ಯವಾಗಿ ಪವಿತ್ರ ವಾರದ ಹೊಸ್ತಿಲಿನಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಮನುಷ್ಯರ ನಡುವಿನ ಕ್ಷಮೆ ಮೊದಲ ದಿನವೇ ಬರುತ್ತದೆ, ಉಪವಾಸ ಅದರ ಮೇಲೆ ನಿಲ್ಲುತ್ತದೆ. ನಿಮ್ಮ ಗುರುಗಳು ಒಪ್ಪಿದರೆ ವಿಭೂತಿ ಬುಧವಾರಕ್ಕೆ ಮುಂಚಿನ ಭಾನುವಾರ ಸಂಜೆ ಒಂದು ಸರಳ ಸಂಧಾನ ಪ್ರಾರ್ಥನೆಯನ್ನು ಏರ್ಪಡಿಸಲು ಅಡ್ಡಿಯೇನೂ ಇರಲಾರದು.

ವಕೀಲೆ:

ಇಷ್ಟು ಹೊತ್ತು ಓದಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕಾಗಿದೆ. ಕ್ಷಮೆಯ ಹೆಸರಿನಲ್ಲಿ ದುರ್ಬಲರ ಮೇಲೆ ಎಷ್ಟು ಒತ್ತಡ ಬೀಳುತ್ತದೆಂಬುದನ್ನು ನಾನು ನನ್ನ ವೃತ್ತಿಯಲ್ಲಿ ನೋಡುತ್ತ ಬಂದಿದ್ದೇನೆ. ಗಂಡ ಹೊಡೆಯುತ್ತಾನೆಂದು ತವರಿಗೆ ಬಂದ ಹೆಣ್ಣುಮಗಳಿಗೆ, ಇದು ತಪಸ್ಸುಕಾಲ, ಕ್ಷಮಿಸಿ ಮನೆಗೆ ಹೋಗಮ್ಮ ಎಂದು ಬುದ್ಧಿ ಹೇಳುವವರು ಇದ್ದಾರೆ. ಹೊಡೆದವನಿಗೆ ಅದೇ ಕಾಲದಲ್ಲಿ ಏನು ಹೇಳಲಾಯಿತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಪ್ರಾಚೀನ ಸಭೆಯಲ್ಲಿ ಪ್ರಾಯಶ್ಚಿತ್ತದ ಭಾರ ಹಾನಿ ಮಾಡಿದವನ ಮೇಲಿತ್ತೆಂದು ಇತಿಹಾಸದ ವಿದ್ಯಾರ್ಥಿಯವರೇ ಮೇಲೆ ಬರೆದಿದ್ದಾರೆ. ಆ ಅರ್ಧವನ್ನು ಬಿಟ್ಟು ಕ್ಷಮೆಯ ಅರ್ಧವನ್ನು ಮಾತ್ರ ಉಳಿಸಿಕೊಳ್ಳುವುದು ಅನ್ಯಾಯ.

ನಮ್ಮ ದೇಶದ್ದೇ ಎರಡು ಉದಾಹರಣೆಗಳನ್ನು ನೋಡಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲಿ ಸುಟ್ಟು ಕೊಂದರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದಾಗಿ ಹೇಳಿದರು, ಬಾರಿಪದಾದ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ಆದರೆ ಮೊಕದ್ದಮೆ ನಿಲ್ಲಲಿಲ್ಲ, ನ್ಯಾಯಾಲಯ ಅಪರಾಧಿಗಳನ್ನು ಶಿಕ್ಷಿಸಿತು. ಆಕೆಯ ಕ್ಷಮೆಗೂ ಕಾನೂನಿನ ನಡೆಗೂ ಯಾವ ವಿರೋಧವೂ ಉಂಟಾಗಲಿಲ್ಲ.

ಇನ್ನೊಂದು, ಮಧ್ಯಪ್ರದೇಶದ ಸಿಸ್ಟರ್ ರಾಣಿ ಮರಿಯ ಅವರದು. ಆದಿವಾಸಿಗಳನ್ನು ಸಾಲದ ಹಿಡಿತದಿಂದ ಬಿಡಿಸಲು ದುಡಿಯುತ್ತಿದ್ದ ಅವರನ್ನು 1995ರ ಫೆಬ್ರವರಿ 25ರಂದು ಬಸ್ ಪ್ರಯಾಣದ ನಡುವೆ ಸಮಂದರ್ ಸಿಂಗ್ ಎಂಬಾತ ಇರಿದು ಕೊಂದ. ಆತ ಜೈಲಿನಲ್ಲಿದ್ದಾಗ ರಾಣಿ ಮರಿಯ ಅವರ ಸ್ವಂತ ತಂಗಿ, ತಾನೂ ಕನ್ಯಾಸ್ತ್ರೀಯಾಗಿದ್ದ ಸೆಲ್ಮಿ ಪೌಲ್, ಅಲ್ಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. ಮುಂದೆ ಅವನ ಬಿಡುಗಡೆಗೂ ಆ ಕುಟುಂಬ ಒಪ್ಪಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುನೀತರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಿದಾಗ ಅವನು ಅಲ್ಲಿದ್ದ. ಅಲ್ಲಿ ಕ್ಷಮೆ ಪಡೆದವನು ತಾನು ಮಾಡಿದ್ದನ್ನು ಒಪ್ಪಿಕೊಂಡಿದ್ದ, ಶಿಕ್ಷೆ ಅನುಭವಿಸಿದ್ದ, ಮತ್ತು ಕ್ಷಮಿಸಿದವರನ್ನು ಯಾರೂ ಒತ್ತಾಯಿಸಿರಲಿಲ್ಲ.

ಕಾಫಿತೋಟದ ಪಕ್ಕದವರು:

ಮೇಡಂ, ನಿಮ್ಮ ಮಾತು ಸರಿಯಾದ ಸಮಯಕ್ಕೆ ಬಂತು. ನಮ್ಮ ಪ್ರಕರಣದಲ್ಲಿ ಹಿಂಸೆಯಿಲ್ಲ, ಇರುವುದು ಗಡಿಯ ಜಗಳ ಮತ್ತು ಅದರ ಸುತ್ತ ಬೆಳೆದ ಮಾತುಗಳು. ಇಬ್ಬರನ್ನೂ ಧ್ಯಾನಕೂಟದ ಕೊನೆಯ ದಿನ ಮುಂದೆ ಕರೆದು ಅಪ್ಪಿಕೊಳ್ಳುವಂತೆ ಮಾಡಬೇಕೆಂದು ಸಮಿತಿಯ ಕೆಲವರು ಸೂಚಿಸಿದ್ದಾರೆ. ಅದು ನನಗೆ ಅಷ್ಟು ಒಪ್ಪಿಗೆಯಾಗುತ್ತಿಲ್ಲ.

ವಕೀಲೆ:

ದಯವಿಟ್ಟು ಹಾಗೆ ಮಾಡಬೇಡಿ. ಜನರೆದುರು ಅಪ್ಪಿಕೊಂಡವರು ಮರುದಿನ ಬೇಲಿಯ ಬಳಿ ಮತ್ತೆ ಜಗಳವಾಡಿದರೆ ಎರಡನೆಯ ಸಲ ಯಾರೂ ಅವರ ಬಳಿಗೆ ಹೋಗಲಾರರು. ಮತ್ತಾಯನ ಹದಿನೆಂಟನೆಯ ಅಧ್ಯಾಯ ಹೇಳುವ ಕ್ರಮ ಬಹಳ ವ್ಯಾವಹಾರಿಕವಾಗಿದೆ: ಮೊದಲು ಅವನೊಬ್ಬನನ್ನೇ ಕಂಡು ಮಾತನಾಡು; ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು; ಸಭೆಗೆ ತಿಳಿಸುವುದು ಆಮೇಲೆ. ನಿಮ್ಮ ಸಮಿತಿಯವರು ಮೂರನೆಯ ಹಂತದಿಂದ ಆರಂಭಿಸಲು ಹೊರಟಿದ್ದಾರೆ.

ಜಮೀನಿನ ಭಾಗವನ್ನು ಪ್ರಾರ್ಥನೆಗೆ ಬಿಡದೆ ಅಳತೆಗೆ ಬಿಡಿ. ತಾಲ್ಲೂಕಿನ ಭೂಮಾಪನ ವಿಭಾಗಕ್ಕೆ ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೇಯರ್ ಬಂದು ಗಡಿ ಗುರುತಿಸುತ್ತಾರೆ. ದಾವೆ ಈಗಾಗಲೇ ನ್ಯಾಯಾಲಯದಲ್ಲಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇರುವುದಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ. ಕಲ್ಲು ಎಲ್ಲಿ ನಿಲ್ಲಬೇಕೆಂಬುದು ತೀರ್ಮಾನವಾದ ಮೇಲೆ ಉಳಿಯುವ ಕಹಿಯೇ ನಿಮ್ಮ ತಪಸ್ಸುಕಾಲದ ಪಾಲು, ಮತ್ತು ಅದು ಕಡಿಮೆಯೇನೂ ಇರುವುದಿಲ್ಲ.

ಕಡಲತೀರದ ಅಜ್ಜಿ:

ಎರಡೂ ಮನೆಗೆ ಒಬ್ಬರೇ ಹೋಗಬೇಡಿ, ಹೋಗುವವರು ಎರಡೂ ಮನೆಯಲ್ಲಿ ಊಟ ಮಾಡಿದವರಾಗಿರಲಿ. ನಮ್ಮಲ್ಲಿ ಇಂಥ ಕೆಲಸಕ್ಕೆ ವಾಡೆಯ ಗುರಿಕಾರರು, ಅಂದರೆ ಆ ಭಾಗದ ಕುಟುಂಬಗಳ ಮುಖಂಡರು, ಹೋಗುತ್ತಿದ್ದರು. ಲೂಕನ ಹದಿನೈದನೆಯ ಅಧ್ಯಾಯದ ತಂದೆಯೂ ಎರಡು ಸಲ ಮನೆಯಿಂದ ಹೊರಗೆ ಬರುತ್ತಾನೆ, ಕಿರಿಯ ಮಗನಿಗಾಗಿ ಒಮ್ಮೆ, ಮುನಿಸಿಕೊಂಡು ಅಂಗಳದಲ್ಲೇ ನಿಂತ ಹಿರಿಯ ಮಗನಿಗಾಗಿ ಮತ್ತೊಮ್ಮೆ. ಹಿರಿಯವನು ಕೊನೆಗೆ ಒಳಗೆ ಬಂದನೇ ಇಲ್ಲವೇ ಎಂಬುದನ್ನು ಲೂಕ ಬರೆದೇ ಇಲ್ಲ.

ಹಿಂದಿನ ಬೆಂಚು:

ಎಲ್ಲರೂ ಅಣ್ಣತಮ್ಮಂದಿರ ಜಗಳದ ಬಗ್ಗೆಯೇ ಬರೆಯುತ್ತಿದ್ದೀರಿ. ಬಾಗಿಲ ಬಳಿ ನಿಂತವರ ವಿಷಯ ಹಿಂದೆ ಸರಿದಿದೆ. ಇದು ಈ ಚರ್ಚೆಯಲ್ಲಿ ಮಾತ್ರ ಆಗುವುದಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ದಲಿತ ಕ್ರೈಸ್ತ ಕುಟುಂಬದಿಂದ ಬಂದವನು. ಹೊರಗಿನವರು ಎಂದಾಗ ನಿಮಗೆ ಜಾರ್ಖಂಡಿನವರು ನೆನಪಾಗುತ್ತಾರೆ, ನನಗೆ ಮೂರು ತಲೆಮಾರಿನಿಂದ ಅದೇ ಧರ್ಮಕೇಂದ್ರದಲ್ಲಿದ್ದೂ ಹೊರಗಿನವರಾಗಿ ಉಳಿದವರು ನೆನಪಾಗುತ್ತಾರೆ. ದಕ್ಷಿಣ ಭಾರತದ ಚರ್ಚುಗಳಲ್ಲಿ ಜಾತಿಯ ಪ್ರಕಾರ ಬೇರೆ ಆಸನ, ಬೇರೆ ಸ್ಮಶಾನ ಇದ್ದದ್ದು, ಕೆಲವೆಡೆ ಈಗಲೂ ಇರುವುದು ಗುಟ್ಟಿನ ವಿಷಯವೇನಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗಿನ ಜಾತಿ ತಾರತಮ್ಯವನ್ನು ಒಪ್ಪಿಕೊಂಡು, ಅದನ್ನು ತೊಡೆದುಹಾಕಬೇಕೆಂದು ಹೇಳಿತು. ಆದ್ದರಿಂದ ಸ್ವಾಗತ ಎಂಬುದನ್ನು ಒಳಗಿನ ಉದಾರಿಗಳು ಹೊರಗಿನ ಬಡವರಿಗೆ ಕೊಡುವ ಕೊಡುಗೆಯೆಂದು ಭಾವಿಸಿದರೆ ಏನೂ ಬದಲಾಗುವುದಿಲ್ಲ. ಕೈ ಚಾಚಿದವನು ಮೇಲೆ, ಕೈ ಹಿಡಿದವನು ಕೆಳಗೆ ಎಂಬ ಲೆಕ್ಕ ಹಾಗೆಯೇ ಉಳಿಯುತ್ತದೆ.

ತಪಸ್ಸುಕಾಲದ ಮೂರನೆಯ ಭಾನುವಾರ, ಮೂರು ವರ್ಷಗಳ ವಾಚನಚಕ್ರದ ಮೊದಲ ವರ್ಷದಲ್ಲಿ ಓದುವ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ಒಮ್ಮೆ ನಮ್ಮ ಕಣ್ಣಿನಿಂದ ಓದಿ. ಬಾವಿಯ ಬಳಿ ಯೇಸು ಆಕೆಗೆ ಏನನ್ನೂ ಕೊಡುವುದರಿಂದ ಮಾತು ಆರಂಭಿಸುವುದಿಲ್ಲ. ಕುಡಿಯಲು ನೀರು ಕೇಳುತ್ತಾರೆ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆ ಇಟ್ಟುಕೊಳ್ಳದ ಕಾಲದಲ್ಲಿ, ಆಕೆಯ ಕೊಡದ ನೀರನ್ನು. ಕೇರಿಯ ಮನೆಯ ಲೋಟದಲ್ಲಿ ನೀರು ಕುಡಿಯದವರ ನಾಡಿನಲ್ಲಿ ಬೆಳೆದ ನಮಗೆ ಇದಕ್ಕೆ ಪ್ರವಚನದ ವಿವರಣೆ ಬೇಕಾಗುವುದಿಲ್ಲ. ಆಕೆಗೂ ಅದರ ಅರ್ಥ ಕೂಡಲೇ ತಿಳಿಯಿತು. ನೀನು ನನ್ನನ್ನು ಹೇಗೆ ನೀರು ಕೇಳುತ್ತೀ ಎಂದೇ ಆಕೆ ಮೊದಲು ಕೇಳಿದ್ದು.

ಹಾಗಾಗಿ ಲೈನ್ ಮನೆಗಳವರಿಗೆ ಅಕ್ಕಿ, ಕಂಬಳಿ ಹಂಚುವ ಯೋಚನೆ ಇದ್ದರೆ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಮೊದಲು ಅವರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿಯಿರಿ.

ಇತಿಹಾಸದ ವಿದ್ಯಾರ್ಥಿ:

ಮೇಲಿನ ಬರಹಕ್ಕೆ ನನ್ನ ಪೂರ್ಣ ಸಹಮತವಿದೆ. ಆ ವಾಚನ ಅಲ್ಲಿರುವುದಕ್ಕೂ ಕಾರಣವಿದೆ: ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ಹೊಸಬರಿಗಾಗಿ ಮೂರನೆಯ ಭಾನುವಾರ ಸಮಾರ್ಯದ ಸ್ತ್ರೀ, ನಾಲ್ಕನೆಯ ಭಾನುವಾರ ಹುಟ್ಟುಕುರುಡ, ಐದನೆಯ ಭಾನುವಾರ ಸತ್ತು ಮತ್ತೆ ಎದ್ದ ಲಾಜರ ಎಂಬ ಸರಣಿ ಪ್ರಾಚೀನವಾದುದು. ಅವರಲ್ಲಿ ಮೊದಲನೆಯವಳು ಪರಕೀಯಳು, ಎರಡನೆಯವನನ್ನು ಸಭಾಮಂದಿರದಿಂದಲೇ ಹೊರದೂಡುತ್ತಾರೆ.

ಇತ್ತೀಚಿನ ಕಾಲದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. 2013ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಮೊದಲ ಪ್ರವಾಸಕ್ಕೆ ಲಾಂಪೆದೂಸ ದ್ವೀಪವನ್ನು ಆರಿಸಿಕೊಂಡರು, ಆಫ್ರಿಕಾದಿಂದ ದೋಣಿಗಳಲ್ಲಿ ಬರುವ ವಲಸಿಗರು ದಡ ಸೇರುವ, ಹಲವರು ಸೇರದೆ ಮುಳುಗುವ ಜಾಗ ಅದು. ತಪಸ್ಸುಕಾಲ ಮುಗಿದು ತಿಂಗಳುಗಳಾಗಿದ್ದರೂ ಅವರು ಅಲ್ಲಿ ಪ್ರಾಯಶ್ಚಿತ್ತದ ನೇರಳೆ ಬಣ್ಣದ ಉಡುಪಿನಲ್ಲಿ ಬಲಿಪೂಜೆ ಅರ್ಪಿಸಿದರು. ವಲಸಿಗರಿಗೆ ಮರುಕ ತೋರಿಸಲು ಹೋದವರು ಹಾಗೆ ಉಡುವುದಿಲ್ಲ. ತಮ್ಮ ಕಡೆಯಿಂದ ತಪ್ಪಾಗಿದೆ ಎನ್ನುವವರು ಉಡುತ್ತಾರೆ. ಯೇಸು ಶಿಷ್ಯರ ಪಾದ ತೊಳೆದುದರ ನೆನಪಿಗೆ ಪವಿತ್ರ ಗುರುವಾರ ಗುರುಗಳು ಜನರ ಪಾದ ತೊಳೆಯುತ್ತಾರೆ. 2016ರ ಆ ದಿನ ರೋಮಿನ ಹತ್ತಿರದ ಕಾಸ್ತೆಲ್‌ನುವೊವೊ ದಿ ಪೋರ್ತೊ ಎಂಬಲ್ಲಿನ ನಿರಾಶ್ರಿತರ ಕೇಂದ್ರದಲ್ಲಿ ಅವರು ಪಾದ ತೊಳೆದವರಲ್ಲಿ ಕ್ರೈಸ್ತರ ಜೊತೆಗೆ ಮುಸ್ಲಿಮರೂ ಭಾರತದ ಒಬ್ಬ ಹಿಂದೂವೂ ಇದ್ದರು. ನಿಮ್ಮಲ್ಲಿ ಪಾದ ತೊಳೆಯಲು ಹನ್ನೆರಡು ಜನರನ್ನು ಆರಿಸುವಾಗ ಪ್ರತಿ ವರ್ಷ ಯಾರನ್ನು ಕರೆಯುತ್ತೀರೆಂದು ಒಮ್ಮೆ ಪಟ್ಟಿ ತೆಗೆದು ನೋಡಿ.

ಓದುಗ ನೆರೆಯವನು:

ನಾನು ಕ್ರೈಸ್ತನಲ್ಲ, ಆಸಕ್ತಿಯಿಂದ ಓದುತ್ತಿದ್ದೇನೆ. ಲೈನ್ ಮನೆಗಳಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರಲ್ಲವೇ? ಅವರನ್ನು ಏನು ಮಾಡುತ್ತೀರಿ? ನೆರವಿನ ಹಿಂದೆ ಮತಾಂತರದ ಉದ್ದೇಶವಿದೆಯೆಂಬ ಅನುಮಾನ ಈಗ ಎಲ್ಲೆಡೆ ಇದೆ.

ಹಿಂದಿನ ಬೆಂಚು:

ಪ್ರಶ್ನೆ ನ್ಯಾಯವಾದುದು. ನಾನು ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ ಎಂಬ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ಮಾತು ಮೊದಲನೆಯ ವಾರದ ಸೋಮವಾರ ಓದಲ್ಪಡುತ್ತದೆ. ಅಲ್ಲಿ ಸೇರಿಸಿಕೊಂಡವರಿಗೆ ತಾವು ಯಾರನ್ನು ಸೇರಿಸಿಕೊಂಡೆವೆಂಬುದೇ ಗೊತ್ತಿರುವುದಿಲ್ಲ, ಬಂದವನ ಮತವನ್ನು ಯಾರೂ ವಿಚಾರಿಸುವುದಿಲ್ಲ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಎಲ್ಲ ಮನೆಗಳಿಗೂ ಒಂದೇ ಕ್ರಮ, ಪ್ರಾರ್ಥನೆಯ ಕರೆಯೋಲೆ ಬಂದು ಹೋಗುವ ಕ್ರೈಸ್ತರಿಗೆ ಮಾತ್ರ. ಇವೆರಡನ್ನು ಬೇರೆಯಾಗಿ ಇಟ್ಟರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಕಡಬದ ಸುರಿಯಾನಿ:

ವಲಸೆ ಬಂದ ಮನೆತನದವನಾಗಿ ಒಂದು ಮಾತು. ನಮ್ಮ ಹಿರಿಯರು ಈ ಕಡೆ ಕಾಡಂಚಿನ ಜಮೀನು ಮಾಡಿದಾಗ ಅವರಿಗೆ ಬೇಕಾಗಿದ್ದದ್ದು ವೇದಿಕೆಯ ಮೇಲಿನ ಶಾಲು, ಹಾರಗಳಲ್ಲ. ಹೊಸಬರಲ್ಲಿ ಒಬ್ಬರಿಗೆ ವಾಚನ ಕೊಡಿ, ಅವರ ಭಾಷೆಯ ಒಂದು ಹಾಡನ್ನು ಪೂಜೆಯಲ್ಲಿ ಹಾಡಲು ಬಿಡಿ. ಉರಾಂವ್, ಮುಂಡಾ ಜನರಲ್ಲಿ ಸಾದ್ರಿ ಭಾಷೆಯ ಭಕ್ತಿಗೀತೆಗಳ ಒಳ್ಳೆಯ ಪರಂಪರೆಯಿದೆ. ಕನ್ನಡದ ಪೂಜೆಯಲ್ಲಿ ಒಂದು ಹಾಡು ಬೇರೆ ಭಾಷೆಯಲ್ಲಿ ಬಂದರೆ ಕನ್ನಡಕ್ಕೆ ಕುಂದಾಗುವುದಿಲ್ಲ. ಅವರ ಮಕ್ಕಳು ಹೇಗೂ ಇಲ್ಲಿಯ ಶಾಲೆಗೆ ಹೋಗಿ ಕನ್ನಡ ಕಲಿಯುತ್ತಾರೆ, ನಾವು ಕಲಿತಂತೆ.

ಕಾಫಿತೋಟದ ಪಕ್ಕದವರು:

ಎಲ್ಲರಿಗೂ ಕೃತಜ್ಞತೆಗಳು. ಸಮಿತಿಯ ಮುಂದೆ ಇಡಲಿರುವುದು ಇಷ್ಟು: ವಿಭೂತಿ ಬುಧವಾರಕ್ಕೆ ಮುಂಚಿನ ಭಾನುವಾರ ಸಂಜೆ ಗುರುಗಳ ನೇತೃತ್ವದಲ್ಲಿ ಸಂಧಾನ ಪ್ರಾರ್ಥನೆ, ಯಾರನ್ನೂ ಹೆಸರು ಹಿಡಿದು ಮುಂದೆ ಕರೆಯದೆ. ಎರಡು ಕುಟುಂಬಗಳ ಬಳಿಗೆ, ಇಬ್ಬರಿಗೂ ಬೇಕಾದ ಒಬ್ಬ ಹಿರಿಯ ದಂಪತಿ ಹೋಗಲು ಒಪ್ಪಿದ್ದಾರೆ. ಹದ್ದುಬಸ್ತಿನ ಮಾತನ್ನು ಅವರೇ ಎತ್ತುತ್ತಾರೆ. ಪಾದ ತೊಳೆಯುವ ಪಟ್ಟಿಯನ್ನು ಹೊಸದಾಗಿ ಮಾಡುತ್ತೇವೆ. ಲೈನ್ ಮನೆಗಳವರನ್ನು ಭಾನುವಾರ ಪೂಜೆಯ ನಂತರ ಉಪಾಹಾರಕ್ಕೆ ನಿಲ್ಲಿಸಿಕೊಂಡು ಪರಿಚಯ ಮಾಡಿಕೊಳ್ಳಬೇಕೆಂದಿದ್ದೇವೆ.

ಹಿಂದಿನ ಬೆಂಚು:

ಅಣ್ಣಾ, ಕೊನೆಯದೊಂದನ್ನು ಬದಲಿಸಿ. ತೋಟಗಳಿಗೆ ವಾರದ ರಜೆ ಇರುವುದು ಸಾಮಾನ್ಯವಾಗಿ ಸಂತೆಯ ದಿನ, ಹಲವು ಕಡೆ ಅದು ಭಾನುವಾರವೇ. ಆಶೀರ್ವಾದ ಮುಗಿದ ತಕ್ಷಣ ಅವರು ಹೊರಡುವುದು ಬಹುಶಃ ವಾರದ ಅಕ್ಕಿ, ಬೇಳೆ, ತರಕಾರಿ ಕೊಂಡು, ಊರಿಗೆ ಹಣ ಕಳುಹಿಸಿ, ಕತ್ತಲಾಗುವ ಮೊದಲು ಲೈನ್ ಸೇರಬೇಕಾಗಿರುವುದರಿಂದ ಇರಬಹುದು. ಅವರನ್ನು ಉಪಾಹಾರಕ್ಕೆ ನಿಲ್ಲಿಸಿಕೊಂಡರೆ ಸಂತೆ ತಪ್ಪುತ್ತದೆ. ನೀವೇ ಒಂದು ಸಂಜೆ ಕೆಲಸ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಅವರನ್ನೇ ಕೇಳಿ. ಒಪ್ಪಿದರೆ ಒಂದು ಶುಕ್ರವಾರದ ಶಿಲುಬೆ ಹಾದಿಯನ್ನು ಲೈನ್ ಮನೆಗಳ ಅಂಗಳದಲ್ಲಿ ಇಟ್ಟುಕೊಳ್ಳಬಹುದು. ತೋಟದ ಮಾಲೀಕರ ಅನುಮತಿಯನ್ನು ಮಾತ್ರ ಮೊದಲೇ ಪಡೆದಿರಿ.

ಕಾಫಿತೋಟದ ಪಕ್ಕದವರು:

ತೋಟದ ಲೆಕ್ಕ ನೋಡುವ ರೈಟರ್ ನನಗೆ ಪರಿಚಿತರು, ಮಾಲೀಕರ ಅನುಮತಿಗೆ ಅವರ ಮೂಲಕ ನಾಳೆಯೇ ಕೇಳುತ್ತೇನೆ. ಸಾದ್ರಿ ಅಥವಾ ಹಿಂದಿಯಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಪುಸ್ತಕ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.